ಹೊನ್ನಳಿವೆಯ ಮೆಣಸು

“ಮತ್ತೆ ನಡುವೆ ಬಾಯಿ ಹಾಕಿದೆಯಾ? ನಿನ್ನಿಂದ ಒಂದು ಡಂಗುರವೂ ಕೊನೆ ಮುಟ್ಟುವುದಿಲ್ಲ!” ಡಂಗುರದವನು ರೇಗಿದ.

“ನಿನ್ನ ರಾಗ ಸಾಕು, ವಿಷಯ ಹೇಳಣ್ಣ. ಸೆರೆಯಲ್ಲಿರುವವನು ನನ್ನ ಗಂಡ,” ಎಂದಳು ದುಗ್ಗಿ, ಸೊಂಟದ ಕೂಸನ್ನು ಮೇಲೆಳೆದುಕೊಳ್ಳುತ್ತ.

ಹೊನ್ನಳಿವೆ ರೇವಿನ ಮೆಣಸನ್ನು ಪರಂಗಿಯವರಿಗಲ್ಲದೆ ಯಾರಿಗೂ ಮಾರಕೂಡದೆಂದು ಕರಾರಾಗಿತ್ತು. ದುಗ್ಗಿ ಮೊರದಲ್ಲಿ ಕೇರಿ ಒಣಗಿಸಿದ ಮೂಟೆಗೆ ಅವರ ಪರೀಕ್ಷೆಯವನು ಬಿಸಾಡುಬೆಲೆ ಹೇಳಿದ. ಕೂಸಿಗೆ ಗಂಜಿಯಾದರೂ ಆಗಲೆಂದು ಗಂಡ ಬೀರ ಅದನ್ನು ಕದ್ದು ಅರಬರ ಹಡಗಿಗೆ ಒಯ್ಯುವಾಗ ಸಿಕ್ಕಿಬಿದ್ದ. ನಾಳೆ ಅವನಿಗೆ ಗಲ್ಲು.

“ರಾಣಿ ಸಿಂಗಾದೇವಿಯವರ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರಿಗೂ ನಾಳೆ ಗಲ್ಲು!” ಡಂಗುರ ಮುಗಿಯಿತು. ಕರಾರಿನಲ್ಲಿ ಒಗಟಿನ ಮಾತಿರಲಿಲ್ಲ. ರಾಣಿಯ ಕೈಯಲ್ಲಿ ಉಳಿದ ಅಧಿಕಾರ ಅದೊಂದೇ.

“ನೋಡುವ ಮುನ್ನ ಚೊಕ್ಕ, ನೋಡಿದ ಮೇಲೆ ಕೊಳಕು, ಕಡಲು ದಾಟಿದರೆ ಮತ್ತೆ ಚೊಕ್ಕ. ಏನದು?” ಎಂದು ಆಸ್ಥಾನಕ್ಕೆ ಬಂದವರನ್ನು ಕೇಳಿದಳು ರಾಣಿ.

ರೇವಿನ ಯಜಮಾನಿಕೆಯ ಆಸೆಗೆ ಬಂದ ಸೆಟ್ಟಿ, “ಹೆಣ್ಣಿನ ಮಾನ,” ಎಂದ. ಅವನ ಕೈಗೆ ಹಗ್ಗ ಬಿತ್ತು.

“ನಿನ್ನ ಬಾಯಿಗೆ ಮಣ್ಣು ಬೀಳ!” ಎಂದಳು ದುಗ್ಗಿ. “ಅದು ನಮ್ಮ ಮೆಣಸು, ತಾಯಿ. ಜೊಳ್ಳು ತೇಲುತ್ತದೋ ನೋಡುತ್ತೇನೆಂದು ಪರೀಕ್ಷೆಯವನು ಇಡೀ ಮೂಟೆಯನ್ನೇ ನೀರಿಗದ್ದುತ್ತಾನೆ. ಆಮೇಲೆ ‘ಒದ್ದೆ, ಬೂಷ್ಟು ಹಿಡಿಯುತ್ತದೆ’ ಅನ್ನುತ್ತಾನೆ. ಅವನ ಹಡಗಿನಲ್ಲಿ ಬಿಸಿಲು ಕಂಡು ಕಡಲು ದಾಟಿದರೆ ಅದೇ ಚಿನ್ನ.”

“ಅದೇ ಕಡಲು, ಅದೇ ದೋಣಿ, ಅದೇ ಸರಕು. ಒಬ್ಬ ವ್ಯಾಪಾರಿ, ಇನ್ನೊಬ್ಬ ಕಳ್ಳ. ನಡುವೆ ಇರುವುದೇನು?” ರಾಣಿ ಎರಡನೆಯದನ್ನು ಕೇಳಿದಳು.

“ವಿಧಿ,” ಎಂದ ಆಸ್ಥಾನದ ಪಂಡಿತ. ಅವನನ್ನೂ ಕಟ್ಟಿದರು.

“ಒಂದು ತುಂಡು ಬಟ್ಟೆ,” ಎಂದಳು ದುಗ್ಗಿ. “ಪರಂಗಿಯವರ ಬಾವುಟ. ಅದು ಹಾರುವ ದೋಣಿಯಲ್ಲಿ ಕಳ್ಳನೇ ಇರುವುದಿಲ್ಲ.”

ರಾಣಿಯ ದನಿ ಇಳಿಯಿತು. “ಮನೆ ನನ್ನದು, ಬಾಗಿಲು ನನ್ನದು. ಬೀಗದ ಕೈ ಮಾತ್ರ ನನ್ನಲ್ಲಿಲ್ಲ. ನಾನು ಯಾರು?”

ದುಗ್ಗಿ ತಲೆಯೆತ್ತಿ ನೋಡಿದಳು. ಸಿಂಹಾಸನದ ಹಿಂದೆಯೇ ಪರಂಗಿ ಕಪಿತಾನ ನಿಂತಿದ್ದ.

“ನೀವೇ, ತಾಯಿ.”

ರಾಣಿ ತಲೆ ತಗ್ಗಿಸಿದಳು. “ಏನು ಬೇಕು ಕೇಳು.”

“ನನ್ನ ಗಂಡ. ಈ ಇಬ್ಬರನ್ನೂ ಬಿಟ್ಟುಬಿಡಿ, ಇವರನ್ನು ನೇತುಹಾಕಿದರೆ ಯಾರ ಗಂಜಿಯೂ ಬೇಯುವುದಿಲ್ಲ.”

ರಾಣಿ ಮೂವರನ್ನೂ ಬಿಡಿಸಿದಳು. ಹಿಡಿದಿದ್ದ ಮೂಟೆಯನ್ನೂ ಕೊಡಿಸಿದಳು. ಬೀರ ಅದನ್ನು ಹೆಗಲಿಗೇರಿಸಿಕೊಂಡು ರೇವಿಗೆ ಬಂದ. ಎಡಕ್ಕೆ ಪರೀಕ್ಷೆಯವನು ನೀರಿನ ತೊಟ್ಟಿ ತುಂಬಿಸುತ್ತಿದ್ದ. ಬಲಕ್ಕೆ ಕಡಲು, ಅದರ ತುಂಬ ಪರಂಗಿಯವರ ಕಾವಲು ದೋಣಿ. ಕೂಸು ಹಸಿವಿಗೆ ಅಳತೊಡಗಿತು.

ಬೀರ ಹೆಂಡತಿಯತ್ತ ತಿರುಗಿದ.

“ಎಲ್ಲ ಒಗಟೂ ಬಿಡಿಸಿದೆಯಲ್ಲ ಮಾರಾಯ್ತಿ, ಈಗ ಇದನ್ನು ಯಾರಿಗೆ ಮಾರೋಣ?”