ಕಾವಲಿನ ಟಿಟ್ಟಿಭ ಮತ್ತು ಅವಳ ಮೊಟ್ಟೆ

ಒಂದು ಕೆರೆಯ ದಂಡೆಯಲ್ಲಿ ಟಿಟ್ಟಿಭ ಹಕ್ಕಿಯೊಬ್ಬಳು ಕಾವಲಿಗಿದ್ದಳು. ನರಿಯೋ ಹದ್ದೋ ಬಂದರೆ ಮೊದಲು ಕೂಗುವುದು ಅವಳ ಕೆಲಸ. ಆ ಕೂಗಿಗೆ ದೊಡ್ಡ ಹಕ್ಕಿಗಳು ಹಾರಬೇಕು, ಮರಿಗಳು ಅಲುಗದೆ ಅಡಗಬೇಕು. ಇದು ಕೆರೆಯ ಕಟ್ಟಳೆ. ವರ್ಷಗಟ್ಟಲೆ ಇದನ್ನೇ ಮಾಡಿದ್ದರಿಂದ ಅವಳ ಕಿವಿಗೆ ಎಲ್ಲ ಸದ್ದೂ ಅಪಾಯದ ಸದ್ದೇ ಆಗಿತ್ತು.

ಒಂದು ಮಧ್ಯಾಹ್ನ ಅವಳು ತನ್ನ ಒಂದೇ ಮೊಟ್ಟೆಗೆ ನೆರಳಾಗಿ ನಿಂತಿದ್ದಾಗ ಕಾಲ ಬಳಿ ಏನೋ ಚಟಕ್ಕೆಂದಿತು. ಕೂಗಿಯೇಬಿಟ್ಟಳು. ಕೆರೆಯ ಹಕ್ಕಿಗಳೆಲ್ಲ ಮೇಲೆದ್ದವು.

"ಎಲ್ಲೇ ನರಿ?" ಎಂದಳು ಬೆಳ್ಳಕ್ಕಿ.

ನರಿ ಇರಲಿಲ್ಲ. ಮೊಟ್ಟೆ ಬಿರುಕು ಬಿಟ್ಟಿತ್ತು, ಅಷ್ಟೆ. ಆದರೆ ತಾಯಿಯ ಕೂಗು ಕೇಳಿದ್ದರಿಂದ ಒಳಗಿನ ಮರಿ ಚಿಪ್ಪು ಕುಟ್ಟುವುದನ್ನು ನಿಲ್ಲಿಸಿತ್ತು.

"ಈ ಬಿಸಿಲಿಗೆ ಮರಿ ಒಳಗೇ ಬೆಂದುಹೋಗುತ್ತದೆ. ಕರೆಯೇ ಮಾರಾಯ್ತಿ!" ಎಂದಳು ಬೆಳ್ಳಕ್ಕಿ.

"ಹೇಗೆ ಕರೆಯಲಿ ಅಕ್ಕಾ? ನನ್ನ ಬಾಯಿಗೆ ಬರುವುದು ಅದೊಂದೇ ಕೂಗು." ಹೀಗೆನ್ನುವಾಗಲೂ ಅವಳ ಕಣ್ಣು ಆಕಾಶದಲ್ಲೇ ಇತ್ತು.

"ಆಕಾಶ ನಾನು ನೋಡುತ್ತೇನೆ. ನೀನು ಕೆಳಗೆ ನೋಡು" ಎಂದು ಬೆಳ್ಳಕ್ಕಿ ದಿಬ್ಬ ಹತ್ತಿ ನಿಂತಳು.

ಟಿಟ್ಟಿಭ ಕತ್ತು ತಗ್ಗಿಸಿದಳು. ಬಾಯಿ ತೆರೆಯಲು ಹೆದರಿ, ಕೊಕ್ಕಿನಿಂದ ಚಿಪ್ಪನ್ನು ಮೆಲ್ಲಗೆ ತಟ್ಟಿದಳು. ಬಹಳ ಹೊತ್ತು ಒಳಗೆ ಸದ್ದಿರಲಿಲ್ಲ. ಆಮೇಲೆ ಚಟಕ್ಕೆಂದಿತು.

ಕೂಗಲು ಅವಳ ಕೊಕ್ಕು ತೆರೆದುಕೊಂಡಿತು. ಆದರೂ ಈ ಸಲ ಕೂಗಲಿಲ್ಲ.