ಸೀತೆ ಇಟ್ಟ ಹುಲ್ಲುಕಡ್ಡಿ

ಕಪಿಲೆಯ ದಂಡೆಯ ಮೇಲೆ ಚೆಲುವಯ್ಯನವರ ನೃತ್ಯಶಾಲೆ. ಅಲ್ಲಿ ಅಲಮೇಲು ಎಂಬ ಶಿಷ್ಯೆ. ಕಾಲು ಚುರುಕು, ಕಣ್ಣು ಚುರುಕು, ನಾಲಗೆ ಅದಕ್ಕಿಂತ ಚುರುಕು.

ಕಲಿಯುವುದೆಲ್ಲ ಮುಗಿದಿತ್ತು. ಗುರುಗಳು ಕೈಯಾರೆ ಗೆಜ್ಜೆ ಕೊಡುವುದೊಂದೇ ಬಾಕಿ. ಅದು ಸಿಗುವ ತನಕ ಆ ಶಾಲೆಯವರು ಯಾರೂ ಜನರ ಮುಂದೆ ಕುಣಿಯುವಂತಿಲ್ಲ.

ಕಾದು ಕಾದು ಅವಳೇ ಬಾಯಿಬಿಟ್ಟು ಕೇಳಿದಳು. “ಗುರುಗಳೇ, ನನಗೆ ಗೆಜ್ಜೆ ಯಾವಾಗ ಕೊಡ್ತೀರಿ?”

“ಹೊಳೆಯಾಚೆ ಒಂದು ಮೇಳ ಬಂದಿದೆಯಂತೆ. ತೊಗಲುಗೊಂಬೆಯವರು, ಯಕ್ಷಗಾನದವರು, ನಮ್ಮ ಹಾಗೆ ನಾಟ್ಯ ಕಲಿತವರು, ಎಲ್ಲ ಒಟ್ಟಿಗೆ ಆಡ್ತಾರಂತೆ.”

“ಕೇಳಿದೀನಿ. ಕಲಸುಮೇಲೋಗರ.” ಅಲಮೇಲು ಮೂಗು ಮುರಿದಳು.

“ಹೋಗಿ ನೋಡೋಣ ಬಾ. ಯಾವುದು ಯಾರದ್ದು ಅಂತ ಬೇರೆ ಮಾಡಿ ಹೇಳು. ಹೇಳಿದ್ರೆ ಗೆಜ್ಜೆ ನಿನ್ನದು.”

ಇಷ್ಟೇನಾ! ಅಲಮೇಲುಗೆ ನಗು ಬಂತು. ಮೊಸರಲ್ಲಿ ಕಲ್ಲು ಹುಡುಕುವುದರಲ್ಲಿ ಅವಳನ್ನು ಮೀರಿಸುವವರು ಆ ದಂಡೆಯಲ್ಲಿ ಇರಲಿಲ್ಲ.

ಹೊತ್ತು ಮುಳುಗುವಾಗ ಇಬ್ಬರೂ ದೋಣಿಯಲ್ಲಿ ಹೊಳೆ ದಾಟಿದರು. ರಂಗದ ಮೇಲೆ ಬಿಳಿ ಪರದೆ, ಅದರ ಹಿಂದೆ ದೀಪ. ಒಂದು ಬದಿಗೆ ಚೆಂಡೆ, ಇನ್ನೊಂದು ಬದಿಗೆ ಮೃದಂಗ. ಆಟ ಅಶೋಕವನದ ಸೀತೆಯದು.

ಅಲಮೇಲು ಪಿಸುಗುಟ್ಟತೊಡಗಿದಳು. “ಈ ಪದ ಭಾಗವತರದ್ದು. ಆ ಹೆಜ್ಜೆ ನಮ್ಮದು. ಈಗ ತಿರುಗಿದ್ಲಲ್ಲ, ಅದು ಅವರದ್ದು. ಸೀತೆ ಹಾಗೆಲ್ಲ ಗಿರಗಿರ ತಿರುಗಬಾರದು.”

“ಹೂಂ,” ಎಂದರು ಗುರುಗಳು.

ಪರದೆಯ ಮೇಲೆ ತೊಗಲಿನ ರಾವಣ ಬಂದ. ಪರದೆಯ ಈಚೆ, ಅವನ ಮುಂದೆ, ಸೀತೆಯ ವೇಷದ ಸಣಕಲು ಹೆಂಗಸು. ಗೊಂಬೆ ದೀಪದ ಕಡೆ ಸರಿದಂತೆಲ್ಲ ನೆರಳು ಬೆಳೆಯಿತು. ಹತ್ತು ತಲೆಗಳು ಪರದೆ ತುಂಬಿದವು. ಚೆಂಡೆ ಎದೆಯೊಳಗೇ ಬಡಿಯಿತು.

ಸೀತೆ ಓಡಲಿಲ್ಲ. ಬಗ್ಗಿ ನೆಲದಿಂದ ಏನನ್ನೋ ಕಿತ್ತಳು. ತನಗೂ ರಾವಣನಿಗೂ ನಡುವೆ ಅದನ್ನು ಇಟ್ಟಳು. ಒಂದು ಹುಲ್ಲುಕಡ್ಡಿ.

ಚೆಂಡೆ ನಿಂತಿತು.

ಅಷ್ಟು ದೊಡ್ಡ ನೆರಳು ಅಲ್ಲೇ ನಡುಗಿತು. ಆಮೇಲೆ ಕುಗ್ಗುತ್ತ ಕುಗ್ಗುತ್ತ ಹಿಂದೆ ಹೋಯಿತು.

ಅಲಮೇಲುಗೆ ಮೈಯೆಲ್ಲ ಜುಮ್ಮೆಂದಿತು. ಪಿಸುಮಾತು ಅರ್ಧಕ್ಕೇ ನಿಂತಿತು. ಕಣ್ಣಲ್ಲಿ ನೀರು ಯಾವಾಗ ಬಂತೋ, ಅದೂ ಗೊತ್ತಾಗಲಿಲ್ಲ. ಇಂಥದ್ದನ್ನು ಅವಳು ಹುಟ್ಟಿದ ಮೇಲೆ ನೋಡಿರಲಿಲ್ಲ.

ಆಟ ಮುಗಿಯಿತು. ಜನ ಎದ್ದು ಹೋದರು. ಅವಳು ಕೂತೇ ಇದ್ದಳು.

“ಹೇಳು ಮಗಳೇ,” ಎಂದರು ಗುರುಗಳು. “ಸೀತೆ ಬರಿಗೈಯಲ್ಲೇ ಹುಲ್ಲು ಇಟ್ಟಳಲ್ಲ. ಆ ಹಸ್ತಮುದ್ರೆ ಯಾರದ್ದು?”

“ಹಸ್ತ ನೋಡ್ಲಿಲ್ಲ, ಗುರುಗಳೇ.”

“ಮತ್ತೆ?”

“ಹುಲ್ಲು ಕಾಣ್ತಿತ್ತು. ಹಸಿರಾಗಿತ್ತು.”

“ಆಮೇಲಿಂದು? ಯಾವುದು ಯಾರದ್ದು?”

ಅಲಮೇಲು ತಲೆ ತಗ್ಗಿಸಿದಳು. ಸುಳ್ಳು ಹೇಳಬಹುದಿತ್ತು, ಅವಳ ನಾಲಗೆಗೆ ಅದೇನೂ ಕಷ್ಟವಲ್ಲ. ಆದರೆ ಈಗ ನಾಲಗೆ ಏಳಲೇ ಇಲ್ಲ.

“ಗೊತ್ತಾಗ್ಲಿಲ್ಲ. ಬೇರೆ ಮಾಡೋದನ್ನೇ ಮರೆತುಬಿಟ್ಟೆ. ಗೆಜ್ಜೆ ಬೇಡ, ಬಿಡಿ. ನಾನಿನ್ನೂ ಕಲೀಬೇಕು.”

ಗುರುಗಳು ಹೆಗಲ ಚೀಲದಿಂದ ಗೆಜ್ಜೆ ತೆಗೆದರು. ಕಣ್ಣಿಗೊತ್ತಿಕೊಂಡು ಅವಳ ಬೊಗಸೆಗೆ ಹಾಕಿದರು.

ಅಲಮೇಲು ಬೆಪ್ಪಾಗಿ ಎದ್ದು ನಿಂತಳು. ಗೆಜ್ಜೆ ತಾನೇ ಘಲ್ಲೆಂದಿತು.

“ಹೋಗು,” ಎಂದರು ಗುರುಗಳು. “ಮೊದಲು ಆ ಸೀತೆಯ ಕಾಲಿಗೆ ಬಿದ್ದು ಬಾ. ಗೊಂಬೆ ಆಡಿಸಿದವರಿಗೂ.”

ಅವರೆಲ್ಲ ಪರದೆಯ ಹಿಂದೆ ಬಣ್ಣ ತೆಗೆಯುತ್ತ, ಗೊಂಬೆ ಮಡಿಸುತ್ತ ಕೂತಿದ್ದರು. ಅಲಮೇಲು ಗೆಜ್ಜೆಯನ್ನು ಎದೆಗೊತ್ತಿಕೊಂಡು ಬರಿದಾದ ರಂಗಕ್ಕೆ ಹತ್ತಿ ನೇರ ನಡೆದಳು.

“ನಿಲ್ಲು!”

ಗುರುಗಳು ಅಷ್ಟು ಜೋರಾಗಿ ಕೂಗಿದ್ದನ್ನು ಅವಳು ಎಂದೂ ಕೇಳಿರಲಿಲ್ಲ. ಎತ್ತಿದ ಕಾಲು ಎತ್ತಿದಂತೆಯೇ ನಿಂತಿತು. ಕೆಳಗೆ ನೋಡಿದಳು. ಬರೀ ಹಲಗೆ.

“ಬಳಸಿಕೊಂಡು ಹೋಗಮ್ಮ,” ಎಂದರು ಗುರುಗಳು. “ಹುಲ್ಲು ತುಳಿದೀಯೆ.”