ಹಿಟ್ಟಿನ ಕೈಮ್ಯಾಲ ಶ್ರೀ

ಕುಂದರು ತಂಗಿ. ನಾಳಿಗಿ ಅಕ್ಕೋರಾಗಿ ಸಾಲಿಗೆ ಹೊಂಟಾಕಿ ನೀ. ಹುಡುಗರನ್ನ ಹೊಡ್ಯಾಕ ಕೈಯಾಗ ಬಡಗಿ ಹಿಡೀಲೋ ಬ್ಯಾಡೋ ಅಂತ ಮುಂಜಾನಿಂದ ನನ್ನ ಜೀವಾ ತಿನ್ನಾಕತ್ತೀದಿ. ಅದಕ್ಕ ನಾ ಏನ್ ಹೇಳ್ಲಿ? ಅಡಿವೆಪ್ಪ ಮಾಸ್ತರ ಕಥಿ ಹೇಳ್ತೀನಿ, ಕೇಳು.

ಭಾಳ ಹಿಂದ, ನಮ್ಮ ಮುತ್ಯಾನ ಮುತ್ಯಾ ಇನ್ನೂ ತೊಟ್ಟಲದಾಗಿದ್ದಾಗ ಅಂತಾರ, ಒಂದೂರಾಗ ಒಂದು ಸಾಲಿ ಇತ್ತು. ಸಾಲಿ ಅಂದ್ರೇನು, ಹನಮಪ್ಪನ ಗುಡಿ ಪಡಸಾಲಿ. ಮೂವತ್ತು ಹುಡುಗ್ರು, ಅವರ ಮುಂದ ಉಸುಕು, ಉಸುಕಿನ ಮ್ಯಾಲ ಬೆರಳಿಲೆ ಅಕ್ಷರ. ಆ ಸಾಲಿಗೆ ಅಡಿವೆಪ್ಪ ಅನ್ನೋ ಹೊಸ ಮಾಸ್ತರು ಬಂದರಂತ. ಮೀಸಿ ಸುದ್ದ ಸರಿಯಾಗಿ ಬಂದಿದ್ದಿಲ್ಲ. ಹಳೇ ಮಾಸ್ತರು ಹೋಗೂವಾಗ ಕಿವಿಯಾಗ ಹೇಳಿ ಹೋಗಿದ್ದರಂತ, ಮೊದಲ ದಿನ ನಕ್ಕಿ ಅಂದ್ರ ಹುಡುಗ್ರು ತಲಿಮ್ಯಾಲ ಕುಂದರತಾವ, ಬಡಗಿ ಕೆಳಗ ಇಡಬ್ಯಾಡ ಅಂತ.

ಆಗಿನ ಸಾಲಿಗೆ ಒಂದು ಪದ್ಧತಿ ಇತ್ತು. ಎಲ್ಲಾರಕಿಂತ ಮೊದಲ ಬಂದವರ ಅಂಗೈಮ್ಯಾಲ ಮಾಸ್ತರು ಬೆರಳಿಲೆ ಶ್ರೀ ಬರೀತಿದ್ರು. ಎರಡನೇದವರಿಗೆ ಏನೂ ಇಲ್ಲ. ಮೂರನೇದವರಿಗೆ ಒಂದು ಏಟು, ನಾಕನೇದವರಿಗೆ ಎರಡು. ಮೂವತ್ತನೇದವರಿಗೆ ಎಷ್ಟು ಅಂತ ನೀನ ಎಣಿಸು, ಶ್ಯಾಣ್ಯಾಕಿ ಅಲ್ಲೇನು ನೀ.

ಆ ಮೂವತ್ತನೇದಾಕಿ ಫಕೀರವ್ವ ಅನ್ನೋ ಹುಡುಗಿ. ದಿನಾ ಆಕೀನ ಕಡೀಕ. ಬಗಲಾಗ ಸಣ್ಣ ತಮ್ಮನ್ನ ಎತ್ತಿಕೊಂಡು ಬರ್ತಿದ್ಲಂತ. ಒಂದು ಕೈಲೆ ಕೂಸು ಹಿಡಕೊಂಡು ಇನ್ನೊಂದು ಕೈ ಮುಂದ ಮಾಡ್ತಿದ್ಲಂತ. ಆ ಕೈ ಕೆಂಪಾದ ಮ್ಯಾಲ ಕೂಸಿನ್ನ ಈ ಬಗಲಿಂದ ಆ ಬಗಲಿಗೆ ಹಾಕ್ಕೊಂಡು ಈ ಕೈ ಮುಂದ. ಏಟು ಅಕ್ಕಗ, ಅಳು ತಮ್ಮಗ. ಮಾಸ್ತರಿಗೂ ಸಂಕಟ ಆಗ್ತಿತ್ತಂತ. ಆದ್ರ ಪದ್ಧತಿ ಬಿಟ್ಟರ ಸಾಲಿ ಕೈ ತಪ್ಪತೈತಿ ಅಂತ ಅಂಜಿಕಿ. ಹೊಸಬರಿಗೆ ಇರೂದ ಆ ಅಂಜಿಕಿ, ನಿನಗೂ ಐತಿ.

ಒಂದಿನ ಫಕೀರವ್ವ ಬರಲಿಲ್ಲ. ಮರುದಿನ ಇಪ್ಪತ್ತೊಂಬತ್ತನೇದವನೂ ಇಲ್ಲ. ಮೂರನೇ ದಿನ ಇಪ್ಪತ್ತೆಂಟನೇದವನೂ ಇಲ್ಲ. ಯಾಕ್ರೋ ಅಂತ ಮಾಸ್ತರು ಉಳಿದ ಹುಡುಗರನ್ನ ಕೇಳಿದರಂತ. ತಡಾ ಮಾಡಿ ಬಂದ್ರ ಏಟು, ಬರದಿದ್ರ ಏಟಿಲ್ಲ ಅಂದ್ವಂತ ಅವು. ಖರೇನ ಅಲ್ಲೇನು?

ಮರುದಿನ ಸಾಲಿ ಕೂಡೂದಕ್ಕಿಂತ ಮೊದಲ ಮಾಸ್ತರು ಫಕೀರವ್ವನ ಮನಿಗೆ ಹೋದರಂತ. ಅಪ್ಪ ಇಲ್ಲದ ಮನಿ. ಅವ್ವ ನಸುಕಿನ್ಯಾಗ ಕಳೆ ತೆಗಿಯಾಕ ಹೋಗಿದ್ಲು. ಫಕೀರವ್ವ ತಮ್ಮನ್ನ ಬೆನ್ನಿಗೆ ಕಟ್ಟಿಕೊಂಡು ಒಲಿ ಮುಂದ ಜ್ವಾಳದ ರೊಟ್ಟಿ ಬಡಿಯಾಕತ್ತಿದ್ಲು. ಮಾಸ್ತರನ್ನ ನೋಡಿ ಎದ್ದು ಬಂದ್ಲು. ಹಿಟ್ಟು ಮೆತ್ತಿದ ಕೈ ಮುಂದ ಮಾಡಿದ್ಲು.

"ಮೂರೂ ದಿನದ್ದು ಇದೊಂದ ಕೈಗೆ ಹೊಡೀರಿ ಮಾಸ್ತರ" ಅಂದ್ಲಂತ. "ಇನ್ನೊಂದು ಕೈಲೆ ರೊಟ್ಟಿ ಬಡೀಬೇಕ್ರಿ."

ಮಾಸ್ತರು ಹೊಸ್ತಲದಾಗ ಕುಂತುಬಿಟ್ಟರಂತ. ಅತ್ತರು ಅಂತಾರ ಕೆಲವರು, ಅಳಲಿಲ್ಲ ಅಂತಾರ ಕೆಲವರು. ನನಗಂತೂ ಅತ್ತಿರಬೇಕು ಅನಸ್ತೈತಿ. ಆ ಕೈ ಹಿಡಕೊಂಡು, ಆ ಹಿಟ್ಟಿನ ಮ್ಯಾಲ ಬೆರಳಿಲೆ ಶ್ರೀ ಬರದರಂತ. ಆ ಶ್ರೀ ಎಷ್ಟು ತೊಳದ್ರೂ ಹೋಗ್ಲಿಲ್ಲ ಅಂತಾರ. ಅದನ್ನ ನಾ ನಂಬಂಗಿಲ್ಲ. ಫಕೀರವ್ವ ಮರುದಿನ ಸಾಲಿಗೆ ಬಂದ್ಲು, ಅದನ್ನ ನಂಬತೀನಿ.

ಬಡಗಿ ಹೋಗಿ ಗುಡಿ ಹಿಂದಿನ ಅವರಿಬಳ್ಳಿಗೆ ಆಸರಾತಂತ. ಮಾಸ್ತರು ಗುಡಿ ಬಾಗಲದಾಗ ನಿಂತು, ಬಿಟ್ಟು ಹೋದವರನ್ನೂ ಸೇರಿಸಿ ಒಬ್ಬೊಬ್ಬರನ್ನ ಹೆಸರು ಹಿಡದು ಕರದು, ಇನ್ನ ಮ್ಯಾಲ ಕಡೀಕ ಬಂದವರಿಗೆ ಶ್ರೀ ಅಂದರಂತ. ತಗೋ, ಮರುದಿನ ನಾನ ಕಡೀಕ ಹೋಗ್ತೀನಿ ಅಂತ ಮೂವತ್ತೂ ಹುಡುಗ್ರು ಹುಣಸೀ ಗಿಡದ ಹಿಂದ ಅಡಗಿ ಕುಂತ್ವು. ಹೊತ್ತು ನೆತ್ತಿಗೆ ಬಂದ್ರೂ ಸಾಲ್ಯಾಗ ಒಂದು ನರಪಿಳ್ಳಿ ಇಲ್ಲ. ಮಾಸ್ತರು ಒಬ್ಬರ ಕುಂತು ನಕ್ಕರಂತ. ಹುಡುಗರ ಮುಂದ ಮೊದಲ ಸಲ ನಕ್ಕಿದ್ದು ಆವತ್ತ, ಗಿಡದ ಹಿಂದಿಂದ ಎಲ್ಲಾವೂ ನೋಡಿದ್ವು.

ಆಮ್ಯಾಲ ಹಿಂಗ ಮಾಡಿದರಂತ. ಮೊದಲ ಬಂದವರಿಗೆ ಮಾಸ್ತರು ಬರೀಬೇಕು. ಅವರು ಎರಡನೇದವರಿಗೆ, ಎರಡನೇದವರು ಮೂರನೇದವರಿಗೆ. ಕಡೀಕ ಬಂದವರು ಎಲ್ಲಾರ ಮುಂದ ಮಾಸ್ತರ ಅಂಗೈಮ್ಯಾಲ ಬರೀಬೇಕು, ತಪ್ಪಿದ್ರ ಮತ್ತ ಬರೀಬೇಕು. ಅಲ್ಲೀತನಕ ಪಾಠ ಇಲ್ಲ. ಮೈಗಳ್ಳರು ಇನ್ನ ಯಾಕ ಕಡೀಕ ಬರ್ತಾರ? ಗದ್ದಲಾನೂ ಇಲ್ಲ, ಕೈಗೆ ಕೆಲಸ ಸಿಕ್ಕರ ಬಾಯಿ ತಾನ ಸುಮ್ಮನಾಗತೈತಿ. ಫಕೀರವ್ವ ಮಾತ್ರ ದಿನಾ ಕಡೀಕ ಬರ್ತಿದ್ಲು. ಇಪ್ಪತ್ತೊಂಬತ್ತು ಮಂದಿ ಆಕಿ ಹಾದಿ ನೋಡ್ತಿದ್ದರು. ಕೂಸಿನ್ನ ಯಾರರೆ ಎತ್ತಿಕೊಳ್ತಿದ್ದರು, ಆಕಿ ಮಾಸ್ತರ ಕೈಮ್ಯಾಲ ಶ್ರೀ ಬರದು ಕುಂದರತಿದ್ಲು.

ವರ್ಷಾನುವರ್ಷ ಹೋದ್ವು. ಮಾಸ್ತರು ಮುಪ್ಪಾಗಿ ತೀರಿಕೊಂಡರಂತ. ಊರಿಗೂರ ಕೂಡಿತು. ಹೊತ್ತಾತು, ಹೆಣಾ ಎತ್ತೂನು ಅಂದರು ದೈವದವರು, ಊರ ಹಿರೇರು. ಅವರ ಕೈಯಾಗ ಕಲತವರು ಒಲ್ಲೆವು ಅಂದರಂತ. ಕಡೀಕ ಬರಾಕಿ ಇನ್ನೂ ಬಂದಿಲ್ಲ, ಆಕಿ ಬರೂದಕ್ಕಿಂತ ಮೊದಲ ನಮ್ಮ ಸಾಲ್ಯಾಗ ಏನೂ ಶುರು ಆಗಂಗಿಲ್ಲ ಅಂದರಂತ. ಫಕೀರವ್ವನ್ನ ಗುಡ್ಡದ ಆಚಿ ಊರಿಗೆ ಕೊಟ್ಟಿದ್ದರು. ಬಿಸಿಲಾಗ ನಡಕೋತ ಬಂದ್ಲು, ಬಗಲಾಗ ಮೊಮ್ಮಗನ್ನ ಹೊತ್ತು. ಕೂಸಿನ್ನ ಯಾರೋ ಎತ್ತಿಕೊಂಡರು. ಆಕಿ ಮಾಸ್ತರ ಬಾಜೂಕ ಕುಂತು, ಆ ತಣ್ಣನ ಕೈ ಬಿಚ್ಚಿ, ಬೆರಳಿಲೆ ಶ್ರೀ ಬರದ್ಲು. ಆಮ್ಯಾಲ ಎತ್ತಿದರಂತ.

ಈಗಲೂ ಆ ಊರಾಗ ಸಾಲಿ ಶುರುವಾಗೂ ದಿನ ಕಡೀಕ ಬಂದ ಕೂಸು ಮಾಸ್ತರ ಅಂಗೈಮ್ಯಾಲ ಶ್ರೀ ಬರೀತೈತಿ. ಮದುವಿ ಊಟ ಇರಲಿ, ಚಾವಡಿ ಮಾತು ಇರಲಿ, ಆ ಊರ ಮಂದಿ ಕೂಡಿದಾಗ ಮೊದಲ ಕೇಳೂ ಮಾತು ಒಂದ, ಇನ್ನೂ ಯಾರು ಬರೂದೈತಿ ಅಂತ. ಕೇಳಿ, ಬಾಗಲ ಕಡೆ ನೋಡ್ಕೋತ ಕುಂದರತಾರ.